ಭಾವನಿಗೊಂದು ಒಳ್ಳೆ ಉಳಿ ಬೇಕಾಗಿದೆ

ಕಾರವಾರದಿಂದ ಅಂಕೋಲೆಯವರೆಗಿನ ಹಾರ್ಡ್‌ವೇರ್ ಅಂಗಡಿಯವರೆಲ್ಲ ಸೇರಿ ದೇವರಿಗೊಂದು ಹರಕೆ ಹೊತ್ತಿದ್ದಾರೆಂದು ನನಗೆ ಬಲವಾದ ಗುಮಾನಿಯಿದೆ. ನನ್ನ ಭಾವ ತಮ್ಮ ಅಂಗಡಿಯ ಮೆಟ್ಟಿಲು ಹತ್ತದಿರಲಿ, ಹತ್ತಿದರೂ ಬೇಗ ಇಳಿದು ಹೋಗಲಿ ಎಂಬುದೇ ಆ ಹರಕೆ. ದೇವರು ಇನ್ನೂ ಕಣ್ಣು ಬಿಟ್ಟಿಲ್ಲ. ಬಿಟ್ಟಿದ್ದರೆ ಅವರ ನೆಮ್ಮದಿಯ ಜೊತೆಗೆ ನನ್ನ ಭಾನುವಾರಗಳೂ ಉಳಿಯುತ್ತಿದ್ದವು!

ಭಾವ ಎಂದರೆ ನನ್ನ ಅಕ್ಕನ ಗಂಡ. ಕುಡುಕರಲ್ಲ, ಜಗಳಗಂಟರಲ್ಲ, ಅಂಗಡಿಯಲ್ಲಿ ಚೌಕಾಶಿಯನ್ನೂ ಮಾಡುವವರಲ್ಲ. ಅವರಿಗೆ ಬೇಕಾಗಿರುವುದು ಮನೆಯಲ್ಲಿ ಮರಗೆಲಸ ಮಾಡಿಕೊಳ್ಳಲು ಒಳ್ಳೆಯ ಕಂಪನಿಯ ಕೈ ಹತಾರಗಳು. ಒಂದು ಸುತ್ತಿಗೆ, ಒಂದು ಗರಗಸ, ನಾಲ್ಕು ಉಳಿ, ಒಂದು ಕೀಸುಳಿ. ಅಷ್ಟೇ! ಇಷ್ಟು ಸಣ್ಣ ಆಸೆ ಒಬ್ಬ ಮನುಷ್ಯನನ್ನೂ ಅವನ ಹೆಂಡತಿಯನ್ನೂ ಹೆಂಡತಿಯ ತಂಗಿಯನ್ನೂ ಇಷ್ಟರಮಟ್ಟಿಗೆ ಹಾಳು ಮಾಡಬಲ್ಲದೆಂದು ನೀವು ನಂಬುತ್ತೀರಾ? ನಾನೂ ನಂಬಿರಲಿಲ್ಲ.

ಮೊದಲು ಅವರು ಹೀಗಿರಲಿಲ್ಲ. ಅಕ್ಕ ಮದುವೆಯಾಗಿ ಕದ್ವಾಡಕ್ಕೆ ಹೋದಾಗ ನಾನಿನ್ನೂ ಎರಡು ಜಡೆಯ ಶಾಲೆಯ ಹುಡುಗಿ. ಭಾವ ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಸಂಜೆ ಮನೆಗೆ ಬಂದು ಪ್ಯಾಂಟು ಕಳಚಿ ಲುಂಗಿ ಸುತ್ತಿ, ಅಂಗಳದಲ್ಲಿ ಮರದ ತುಂಡು ಹಿಡಿದು ಕೂತರೆಂದರೆ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ಆಗ ಅವರ ಹತ್ತಿರ ಇದ್ದ ಹತಾರಗಳಾದರೂ ಎಂಥವು? ಸಂತೆಯಲ್ಲಿ ಗೋಣಿ ಹಾಸಿ ರಾಶಿ ಹಾಕಿ ಮಾರುತ್ತಾರಲ್ಲ, ಅಂಥವು. ಗರಗಸದ ಬಾಯಲ್ಲಿ ಅಲ್ಲಲ್ಲಿ ಹಲ್ಲಿರಲಿಲ್ಲ. ಸುತ್ತಿಗೆಯ ತಲೆ ಹಾರಿ ಹೋಗದಂತೆ ಹಿಡಿಯ ಸಂದಿಗೆ ತೆಂಗಿನ ನಾರು ತುರುಕಿರುತ್ತಿದ್ದರು. ಅವುಗಳಲ್ಲೇ ಅಕ್ಕನ ಮಗಳಿಗೆ ತೊಟ್ಟಿಲಾಯಿತು, ನನಗೆ ಓದುವ ಮೇಜಾಯಿತು, ದೇವರಿಗೊಂದು ಮಂಟಪವಾಯಿತು. ಯಾವ ಕಂಪನಿಯ ಉಳಿಯಲ್ಲಿ ಕೆತ್ತಿದ್ದೆಂದು ದೇವರು ಒಂದು ದಿನವೂ ಕೇಳಲಿಲ್ಲ.

ನಿವೃತ್ತಿಯಾಗಿ ಸ್ವಲ್ಪ ಕಾಲ ಕಳೆದ ಮೇಲೆ ಇದ್ದಕ್ಕಿದ್ದಂತೆ ಏನೋ ಆಯಿತು. ಒಂದು ದಿನ ಆ ಹಳೆಯ ಹತಾರಗಳನ್ನೆಲ್ಲ ಗೋಣಿಗೆ ತುಂಬಿ ಗುಜರಿಯವನಿಗೆ ಕೊಟ್ಟುಬಿಟ್ಟರು.

"ಎಂತಕ್ಕೆ ಕೊಟ್ರಿ ಭಾವ?" ಎಂದು ಕೇಳಿದೆ.

"ಎಲ್ಲಾ ಕೈ ಕೊಡೂಕೆ ಶುರು ಮಾಡಿದ್ವು, ತಂಗಿ. ಸಂತೆ ಮಾಲು ಎಷ್ಟು ದಿವ್ಸ ಬರ್ತದೆ?" ಎಂದರು.

ಮನೆಯ ಹಿಂದಿನ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅದನ್ನು ಗುಡಿಸಿ, ಸುಣ್ಣ ಬಳಿಸಿ, ಕಿಟಕಿಯ ಪಕ್ಕ ಒಂದು ಭಾರೀ ಮೇಜು ಹಾಕಿಸಿ 'ವರ್ಕ್‌ಶಾಪ್' ಎಂದು ನಾಮಕರಣ ಮಾಡಿದರು. ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಹತಾರದ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆಸಿದರು. ಸುತ್ತಿಗೆಯ ಜಾಗದಲ್ಲಿ ಸುತ್ತಿಗೆಯ ನೆರಳು, ಗರಗಸದ ಜಾಗದಲ್ಲಿ ಗರಗಸದ ನೆರಳು. ವಿದೇಶದಲ್ಲೆಲ್ಲ ಹೀಗೇ ಇರುತ್ತದೆಂದು ಮೊಬೈಲಿನಲ್ಲಿ ನೋಡಿದ್ದರಂತೆ. ಹತಾರಗಳು ಮಾತ್ರ ಇನ್ನೂ ಬರಬೇಕಿತ್ತು. ಬರೀ ನೆರಳುಗಳು ತುಂಬಿದ ಆ ಗೋಡೆಯ ಎದುರು ನಿಂತು ಅಕ್ಕ ಒಂದು ನಿಟ್ಟುಸಿರು ಬಿಟ್ಟು ಹೇಳಿದಳು: "ದನ ಇದ್ದಾಗ ಹಾಲಾದ್ರೂ ಬರ್ತಿತ್ತು."

ಅದೇ ಹೊತ್ತಿಗೆ ಅವರು ತಮ್ಮ ಸ್ಕೂಟರನ್ನೂ ಮಾರಿದರು. "ಹ್ಯಾಂಡಲ್ ಅಲುಗಾಡ್ತದೆ. ಮೆಕ್ಯಾನಿಕ್ಕಿಗೆ ತೋರಿಸಿದ್ರೆ ಏನೂ ಇಲ್ಲ ಅಂತಾನೆ. ಈಗಿನ ಮೆಕ್ಯಾನಿಕ್ಕರಿಗೆ ಎಂತ ತಿಳೀತದೆ!" ಎಂದರು. ಹೀಗಾಗಿ ಕಾರವಾರದಲ್ಲಿರುವ ನಾನೂ ನನ್ನ ಸ್ಕೂಟರೂ ನಮ್ಮಿಬ್ಬರ ಭಾನುವಾರಗಳೂ ಭಾವನ ಸೇವೆಗೆ ಸಂದೆವು. ನನ್ನ ಗಂಡ "ನಿನ್ನ ಭಾವ, ನಿನ್ನ ಪಾಡು" ಎಂದು ಪೇಪರು ಬಿಡಿಸಿಕೊಂಡು ಕೂತರು.

ಮೊದಲ ಬಲಿ ಪಾಂಡುರಂಗ ಮಾಮ. ಕಾರವಾರದ ಪೇಟೆಯಲ್ಲಿ ಅವರದು ಹಳೆಯ ಅಂಗಡಿ. ಊರಿನ ಅರ್ಧ ಬಾಗಿಲುಗಳ ಬಿಜಾಗರಿ ಅವರು ಕೊಟ್ಟಿದ್ದೇ. ಭಾವ ಸುತ್ತಿಗೆ ಕೇಳಿದರು, ಮಾಮ ಕೊಟ್ಟರು. ಭಾವ ಅದನ್ನು ಕಣ್ಣಿನ ಹತ್ತಿರ ತಂದು ಹಿಡಿಯ ಮರವನ್ನು ಪರೀಕ್ಷಿಸಿದರು.

"ಎಳೆ ಅಡ್ಡ ಓಡ್ತದೆ. ನಾಕು ಪೆಟ್ಟಿಗೆ ಮುರೀತದೆ."

ಮಾಮ ಇನ್ನೊಂದು ಕೊಟ್ಟರು.

"ಇದ್ರ ತೂಕ ಎಲ್ಲಾ ತಲೆಯಲ್ಲೇ ಅದೆಯಲ್ಲ!"

"ಸುತ್ತಿಗೆ ತೂಕ ತಲೆಯಲ್ಲಿ ಅಲ್ದೆ ಕಾಲಲ್ಲಿ ಇರ್ತದ್ಯಾ?" ಎಂದರು ಮಾಮ. ಆದರೂ ವ್ಯಾಪಾರಸ್ಥರು. ತಾಳ್ಮೆ ಕಳೆದುಕೊಳ್ಳದೆ ಗಾಜಿನ ಕಪಾಟಿನಿಂದ ಹೊರದೇಶದ ಕಂಪನಿಯದೊಂದನ್ನು ತೆಗೆದರು. ನೀಲಿ ರಬ್ಬರಿನ ಹಿಡಿ, ಕನ್ನಡಿಯಂತೆ ಹೊಳೆಯುವ ತಲೆ. ಭಾವನ ಮುಖ ಅರಳಿತು. "ಒಂದು ಮೊಳೆ ಹೊಡ್ದು ನೋಡ್ಲಾ?" ಎಂದರು. ಮಾಮ ಕೌಂಟರಿನ ಮೇಲೆ ಹಲಗೆಯೊಂದನ್ನಿಟ್ಟು ಮೊಳೆ ನಿಲ್ಲಿಸಿ ಕೊಟ್ಟರು. ಮೊದಲ ಪೆಟ್ಟು ಮೊಳೆಗೆ ಬಿತ್ತು. ಎರಡನೆಯದು ಹಲಗೆಗೆ. ಮೂರನೆಯದು ಕೌಂಟರಿನ ಗಾಜಿಗೆ! ಗಾಜಿನ ಮೂಲೆಯಿಂದ ಮೂಲೆಗೆ ಕಾಳಿ ನದಿಯ ನಕ್ಷೆಯಂತೆ ಒಂದು ಬಿರುಕು ಹರಿಯಿತು.

"ತಲೆ ಸರಿ ಇಲ್ಲ," ಎಂದರು ಭಾವ.

"ಯಾರದ್ದು?" ಎಂದು ಕೇಳಿದರು ಪಾಂಡುರಂಗ ಮಾಮ.

ನಾನು ಮಾಮನ ಕಾಲಿಗೆ ಬೀಳುವುದೊಂದು ಬಾಕಿ. ಭಾವ ಮಾತ್ರ ಹಿಂದಿನ ಸೀಟಿನಲ್ಲಿ ಕೂತು ಕೋಡಿಬಾಗ ದಾಟುವವರೆಗೂ ಆ ಸುತ್ತಿಗೆಯ ತಲೆ ಹೇಗೆ ಒಂದು ಕೂದಲಿನಷ್ಟು ವಾರೆಯಾಗಿತ್ತೆಂದು ವಿವರಿಸುತ್ತಲೇ ಇದ್ದರು.

ಆ ಮೇಲೆ ಅವರ ಅಧ್ಯಯನ ಶುರುವಾಯಿತು. ಹಗಲೆಲ್ಲ ಮೊಬೈಲು. ಯಾವ ದೇಶದ ಉಕ್ಕು ಎಷ್ಟು ಗಟ್ಟಿ, ಯಾವ ಕಂಪನಿ ಹಿಡಿಗೆ ಯಾವ ಮರ ಹಾಕುತ್ತದೆ, ಉಳಿಯ ಬೆನ್ನು ಸಪಾಟಾಗಿದೆಯೇ ಎಂದು ಗಾಜಿನ ಮೇಲಿಟ್ಟು ಹೇಗೆ ನೋಡಬೇಕು, ಗರಗಸದ ಅಲಗನ್ನು ಬಗ್ಗಿಸಿ ಬಿಟ್ಟರೆ ಅದು ಹೇಗೆ ನೆಟ್ಟಗೆ ಮರಳಬೇಕು. ಊಟಕ್ಕೆ ಕೂತವರಿಗೆಲ್ಲ ಪಾಠ.

"ಜರ್ಮನಿಯವ್ರು ಉಕ್ಕಿಗೆ ಹೆಸ್ರು. ಜಪಾನಿನವ್ರು ಹರಿತಕ್ಕೆ. ಇಂಗ್ಲೆಂಡಿನವ್ರು ಹಿಡಿಗೆ."

"ನಮ್ಮವ್ರು?" ಎಂದು ನಾನು ಬಂಗಡೆಯ ಮುಳ್ಳು ಬಿಡಿಸುತ್ತ ಕೇಳಿದೆ.

"ನಮ್ಮವ್ರು ಪೆಟ್ಟಿಗೆಗೆ! ಪೆಟ್ಟಿಗೆ ಚಂದ ಮಾಡ್ತಾರೆ. ಒಳಗಿಂದು ಕೇಳ್ಬೇಡ."

"ನನ್ನ ಕೈಯ ಕತ್ತಿ ಯಾವ ದೇಶದ್ದೂ ಅಲ್ಲ. ಅದ್ರಲ್ಲೇ ಇವತ್ತು ಮೀನು ಕೊಯ್ದಿದ್ದು. ಬೇಕಾದ್ರೆ ತಿನ್ನಿ, ಇಲ್ದಿದ್ರೆ ಜಪಾನಿಗೆ ಹೋಗಿ," ಎಂದು ಅಕ್ಕ ಒಳಗಿನಿಂದ ಕೂಗಿದಳು.

ಜಪಾನಿಗೆ ಅವರು ಹೋಗಲಿಲ್ಲ, ಜಪಾನೇ ಕದ್ವಾಡಕ್ಕೆ ಬಂತು. ಅಲ್ಲಿಯ ಗರಗಸ ನಮ್ಮದರಂತೆ ದೂಡಿದರೆ ಕೊಯ್ಯುವುದಿಲ್ಲ, ಎಳೆದರೆ ಕೊಯ್ಯುತ್ತದಂತೆ. "ಕೈಗೆ ತ್ರಾಸೇ ಇಲ್ಲ" ಎಂದು ಭಾವ ಆನ್‌ಲೈನಿನಲ್ಲಿ ತರಿಸಿದರು. ಬಂತು. ಎಳೆದರು. ಗೀಟಿನ ಮೇಲೆ ಹೋಗಬೇಕಾದ ಅಲಗು ಗೀಟನ್ನು ಬಿಟ್ಟು ತನಗೆ ಇಷ್ಟ ಬಂದ ಕಡೆ ಹೋಯಿತು. ವಾಪಸ್ಸು! ಅದಾದ ಮೇಲೆ ಸ್ಕ್ರೂಡ್ರೈವರು ಬಂತು. "ತುದಿ ಜಾರ್ತದೆ." ವಾಪಸ್ಸು! ಕೀಸುಳಿ ಬಂತು. "ಹಾರ್ತದೆ." ವಾಪಸ್ಸು! ಕೊರಿಯರಿನ ಮನುಷ್ಯ ಮಧ್ಯವಯಸ್ಕ, ಸಾಧು ಸ್ವಭಾವದವನು. ಮಳೆಯಲ್ಲಿ ತೊಯ್ದು ಬಂದ ಒಂದು ದಿನ ಅವನೂ ಕೈ ಮುಗಿದ. "ಬಾಯೀ, ತರೂದೂ ನಾನೇ, ಒಯ್ಯೂದೂ ನಾನೇ. ಒಂದು ಕೆಲ್ಸ ಮಾಡಿ. ಸಾಮಾನು ನನ್ನ ಗಾಡಿಯಲ್ಲೇ ಇರ್ಲಿ, ಸಾಹೇಬ್ರು ಬಂದು ನೋಡಿ ಬ್ಯಾಡ ಅನ್ಲಿ," ಎಂದು ಅಕ್ಕನಿಗೆ ಹೇಳಿ ಹೋದನಂತೆ.

ಹೀಗೆ ಮರಳಿ ಹೋಗದೆ ಉಳಿದ ಒಂದೆರಡು ಹತಾರಗಳಿಗೆ ಇನ್ನೊಬ್ಬ ಶತ್ರುವಿದ್ದ: ನಮ್ಮ ಗಾಳಿ. ಕಡಲಿನ ಉಪ್ಪು ಗಾಳಿಗೆ ನಮ್ಮೂರಿನಲ್ಲಿ ಏನು ತಾನೆ ಉಳಿಯುತ್ತದೆ? ಕಿಟಕಿಯ ಸರಳು, ಸೈಕಲ್ಲು, ಮದುವೆಯಲ್ಲಿ ಬಂದ ಕಪಾಟು, ಎಲ್ಲವೂ ತುಕ್ಕಿನ ಪಾಲು. ಭಾವ ಒಂದು ಉಳಿಗೆ ತೆಂಗಿನೆಣ್ಣೆ ಹಚ್ಚಿ, ಅಕ್ಕನ ಹಳೆಯ ಸೀರೆಯಲ್ಲಿ ಸುತ್ತಿ, ಎಲ್ಲಿಟ್ಟರೂ ಸಮಾಧಾನವಾಗದೆ ಕೊನೆಗೆ ಅಕ್ಕಿ ತೇವ ಹೀರುತ್ತದೆಂದು ಓದಿ ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟರು. ಹೂತಿಟ್ಟದ್ದನ್ನು ಯಾರಿಗೂ ಹೇಳಲಿಲ್ಲ! ಮರುದಿನ ಅಕ್ಕ ಅನ್ನಕ್ಕಿಡಲು ಕೈ ಹಾಕಿದಳು. ಅವಳು ಕೂಗಿದ್ದು ಹೊಳೆಯಾಚೆಗೂ ಕೇಳಿಸಿರಬೇಕು. ನನಗಂತೂ ಫೋನಿನಲ್ಲಿ ಕೇಳಿಸಿತು.

"ಇವತ್ತು ಅಕ್ಕಿಯಲ್ಲಿ ಉಳಿ ಸಿಕ್ತು. ನಾಳೆ ಸಾರಿನಲ್ಲಿ ಸುತ್ತಿಗೆ ಸಿಗ್ತದೆ. ನಂಗೆ ಸಾಕಾಯ್ತು, ಬಂದು ಕರ್ಕಂಡ್ ಹೋಗೇ!"

"ನಿನ್ನನ್ನಾ, ಭಾವನನ್ನಾ?" ಎಂದು ಕೇಳಿದೆ.

"ಯಾರನ್ನಾದ್ರೂ!"

ನಗುತ್ತಿದ್ದೀರಿ, ಅಲ್ಲವೇ? ನಾವೂ ನಗುತ್ತಿದ್ದೆವು. ಆದರೆ ನಗು ನಿಧಾನವಾಗಿ ಬತ್ತುವ ಕಾಲ ಬಂತು. ಹಣಕೋಣಕ್ಕೆ ಕೊಟ್ಟಿದ್ದ ಅಕ್ಕನ ಮಗಳು ಬಸುರಿಯಾದಳು. ಅವಳು ಮಲಗಿದ ಹಳೆಯ ತೊಟ್ಟಿಲು ಎಂದೋ ಗೆದ್ದಲಿನ ಹೊಟ್ಟೆ ಸೇರಿತ್ತು. "ಅಪ್ಪಾ, ನನ್ನ ಮಗೂಗೂ ನೀವೇ ತೊಟ್ಟಿಲು ಮಾಡ್ಬೇಕು. ಅಂಗಡೀದು ಬ್ಯಾಡ," ಎಂದಳು. ಭಾವ ಒಪ್ಪಿದರು. ಅಂದೇ ಹೋಗಿ ಹಲಸಿನ ಹಲಗೆ ತರಿಸಿದರು. ಅದರ ಮೇಲೆ ಅಂಗೈಯಿಟ್ಟು ಸವರಿ, "ಮರ ಒಳ್ಳೇದೇ ಸಿಕ್ತು. ಇನ್ನು ಹತ್ಯಾರ ಒಂದು ಬರೋಬರ್ ಸಿಕ್ರೆ ಆಯ್ತು," ಎಂದರು.

ಮಗಳ ಹೊಟ್ಟೆ ಬೆಳೆಯಿತು, ಭಾವನ ಹುಡುಕಾಟವೂ ಬೆಳೆಯಿತು. ಹಲಗೆ ಮಾತ್ರ ಹೇಗೆ ಬಂದಿತ್ತೋ ಹಾಗೇ ಗೋಡೆಗೊರಗಿ ನಿಂತಿತ್ತು. ಅಕ್ಕ ಬೈದಳು, ನಾನು ಬೇಡಿಕೊಂಡೆ. "ಒಬ್ಬ ಆಚಾರಿಯನ್ನಾದರೂ ಕರೆಸೋಣ ಭಾವ" ಎಂದೆ. ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ಮತ್ತೆ ಆ ಮಾತೆತ್ತಲಿಲ್ಲ. ಮಗು ಹುಟ್ಟಿತು. ಗಂಡನ ಮನೆಯವರು ಅಂಗಡಿಯಿಂದ ಗುಲಾಬಿ ಬಣ್ಣದ ಕಬ್ಬಿಣದ ತೊಟ್ಟಿಲು ತಂದರು, ಅದಕ್ಕೆ ಬ್ಯಾಟರಿ ಹಾಕಿದರೆ ತಾನೇ ತೂಗುತ್ತಿತ್ತು, ಹಾಡನ್ನೂ ಹಾಡುತ್ತಿತ್ತು. ನಾಮಕರಣದ ದಿನ ಎಲ್ಲರೂ ಮಗುವನ್ನು ನೋಡುತ್ತಿದ್ದರೆ ಭಾವ ತೊಟ್ಟಿಲನ್ನು ನೋಡುತ್ತ ನಿಂತಿದ್ದರು. ಬಹಳ ಹೊತ್ತಿನ ಮೇಲೆ ಕೇಳಿದರು: "ಯಾವ ಕಂಪನಿದು?"

ಮಗಳು ಕಣ್ಣೊರೆಸಿಕೊಂಡು ಒಳಗೆ ಹೋದಳು. ಇಂಥ ಮನುಷ್ಯನನ್ನು ಏನು ಮಾಡಬೇಕು, ನೀವೇ ಹೇಳಿ! ಅಂದು ಮನೆಗೆ ಮರಳುವಾಗ ನನಗೆ ಅವರ ಮೇಲೆ ಸಿಟ್ಟೂ ಬರದಷ್ಟು ಬೇಸರವಾಗಿತ್ತು. ಇವರು ಸಾಯುವವರೆಗೂ ಹತಾರ ಆರಿಸುತ್ತಲೇ ಇರುತ್ತಾರೆ, ಏನನ್ನೂ ಮಾಡುವುದಿಲ್ಲ ಎಂದು ತೀರ್ಮಾನಿಸಿಬಿಟ್ಟೆ.

ಅಷ್ಟಾದರೂ ಮುಂದಿನ ವಾರ ಫೋನು ಬಂದಾಗ ಇಲ್ಲವೆನ್ನಲಾಗಲಿಲ್ಲ. "ತಂಗೀ, ಅಂಕೋಲೆಯಲ್ಲಿ ಒಂದು ಅಂಗ್ಡಿಗೆ ಒಳ್ಳೆ ಉಳಿ ಬಂದದೆ ಅಂತೆ. ತೊಟ್ಟಿಲು ಹೋದ್ರೆ ಹೋಯ್ತು, ಮಗು ಕೂರೂಕೆ ಕಲಿತಾಗ ಒಂದು ಸಣ್ಣ ಕುರ್ಚಿ ಮಾಡೂಕಾಗ್ತದೆ. ಇದೊಂದ್ಸಲ ಹೋಗೂನಾ?" ಅದೊಂದು 'ಇದೊಂದ್ಸಲ'ವನ್ನು ನಾನು ಎಷ್ಟು ಸಲ ಕೇಳಿದ್ದೆನೋ!

ಹೊರಟೆವು. ಅಲ್ಲಿ ಗರಗಸವೂ ಇದ್ದರೆ ಹೋಲಿಸಿ ನೋಡಲು ಬೇಕೆಂದು ಅವರು, ಬೇಡವೆಂದು ಮೂಲೆಗಿಟ್ಟಿದ್ದ ಇನ್ನೊಂದು ಗರಗಸವನ್ನೂ ಹಿಡಿದುಕೊಂಡು ಹಿಂದೆ ಕೂತರು. ಎರಡೂ ಕೈಯಲ್ಲಿ ಅದನ್ನು ಎದೆಗವಚಿಕೊಂಡಿದ್ದರು. ಬಿಣಗಾದ ಏರು, ಅವರ್ಸಾದ ಗದ್ದೆ ಎಲ್ಲ ದಾಟಿದೆವು. ನಮ್ಮನ್ನು ಹಿಂದೆ ಹಾಕಿದ ಲಾರಿಯವರೆಲ್ಲ ಒಂದು ಸಲ ತಿರುಗಿ ನೋಡುತ್ತಿದ್ದರು. ಟೋಲಿನ ಹತ್ತಿರ ಪೊಲೀಸಿನವನೊಬ್ಬ ತಡೆದ.

"ಎಂತದ್ರೀ ಇದು, ಗರಗಸ ಹಿಡ್ಕಂಡು ಹೈವೇಯಲ್ಲಿ?"

"ನೀವು ಹೆದರ್ಬೇಡಿ. ಇದ್ರಲ್ಲಿ ಎಂತದೂ ಕೊಯ್ಯೂಕಾಗೂದಿಲ್ಲ. ನಾನು ನೋಡಾಯ್ತು," ಎಂದರು ಭಾವ.

ಪೊಲೀಸಿನವನು ಅವರನ್ನು ಬಿಟ್ಟು ನನ್ನ ಮುಖ ನೋಡಿದ. ಆ ಮುಖದಲ್ಲಿ ಏನು ಕಂಡಿತೋ, "ಹೋಗಿ ಅಕ್ಕಾ, ಜೋಪಾನ," ಎಂದು ದಾರಿ ಬಿಟ್ಟ.

ಅಂಕೋಲೆಯ ಅಂಗಡಿಯ ಎದುರು ಗಾಡಿ ನಿಲ್ಲಿಸುತ್ತಿದ್ದಂತೆ ಶಟರ್ ಅರ್ಧ ಕೆಳಗಿಳಿಯಿತು. ಬಗ್ಗಿ ನೋಡಿದರೆ ಒಳಗೆ ಯಜಮಾನರ ಕಾಲು ಕಾಣುತ್ತಿತ್ತು.

"ಅಂಗ್ಡಿ ಬಂದ್ ಆಯ್ತು. ಊಟದ ಹೊತ್ತು," ಎಂದು ಕಾಲುಗಳು ಹೇಳಿದವು.

"ಬೆಳಿಗ್ಗೆ ಹನ್ನೊಂದಕ್ಕಾ?" ಎಂದೆ.

"ಕಾರವಾರದಿಂದ ಪಾಂಡುರಂಗ ಮಾಮ ಫೋನ್ ಮಾಡಿದ್ರು," ಎಂದು ಪಾಪ, ಅವರು ನಿಜವನ್ನೇ ಹೇಳಿಬಿಟ್ಟರು. ಗಾಜಿನ ಯಾವ ವಸ್ತುವನ್ನೂ ಮುಟ್ಟಲು ಬಿಡುವುದಿಲ್ಲವೆಂದು ನಾನು ಆಣೆ ಮಾಡಿದ ಮೇಲೆ ಶಟರ್ ಮೇಲೇರಿತು.

ಅಲ್ಲಿ ಆ ಉಳಿ ಇತ್ತು. ಉದ್ದ ಅಲಗು, ಕಂದು ಬಣ್ಣದ ಮರದ ಹಿಡಿ, ಹಿಡಿಯ ತುದಿಗೆ ಒಡೆಯದಂತೆ ಒಂದು ಉಕ್ಕಿನ ಬಳೆ. ಭಾವ ಅದರ ಬೆನ್ನು ನೋಡಿದರು, ಅಂಚು ನೋಡಿದರು, ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ಹರಿತ ನೋಡಿದರು. ತಪ್ಪು ಹುಡುಕಲಿಲ್ಲ. ನಾನೂ ಅಂಗಡಿಯವರೂ ಉಸಿರು ಹಿಡಿದು ಕಾಯುತ್ತಿದ್ದೆವು. ಅವರು ಹಿಡಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡರು.

"ಇದು ಕೈಗೆ ಕೂತ್ಕಂತು, ತಂಗಿ," ಎಂದರು.

ದೇವಾ! ಅಂಗಡಿಯವರು ನಮಗೆ ಸೋಡಾ ತರಿಸಿಕೊಟ್ಟರು. ಸೆಟ್ಟಿನ ಉಳಿದ ಉಳಿಗಳನ್ನೂ ಕಟ್ಟಿಕೊಟ್ಟರು. ದಾರಿಯುದ್ದಕ್ಕೂ ಭಾವ ಹಾಡು ಗುನುಗುತ್ತಿದ್ದರು. ನನ್ನ ಕಷ್ಟಗಳು ಇಲ್ಲಿಗೆ ಮುಗಿದವೆಂದು ನಾನೂ ಗಾಡಿಯನ್ನು ಸ್ವಲ್ಪ ಜೋರಾಗಿಯೇ ಓಡಿಸಿದೆ.

ಅದರ ಮರುವಾರ, ಕರೆಯದೆಯೇ ಕದ್ವಾಡಕ್ಕೆ ಹೋದೆ. ಪೇಟೆಯಲ್ಲಿ ಒಳ್ಳೆಯ ಇಸೋಣ ಮೀನು ಸಿಕ್ಕಿತ್ತು, ಅಕ್ಕನಿಗೆ ಕೊಟ್ಟು ಬರೋಣವೆಂದು. ಮಧ್ಯಾಹ್ನದ ಬಿಸಿಲು. ಅಂಗಳದಲ್ಲಿ ಯಾರೂ ಇರಲಿಲ್ಲ. ಕೊಟ್ಟಿಗೆಯಿಂದ ಟಕ್ ಟಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ಕೊನೆಗೂ ಕೆಲಸ ಶುರುವಾಯಿತೆಂದು ಖುಷಿಯಿಂದ ಕಿಟಕಿಯ ಹತ್ತಿರ ಹೋದೆ.

ಭಾವ ಬೆನ್ನು ಅರ್ಧ ನನ್ನ ಕಡೆ ಮಾಡಿ ಮೇಜಿಗೆ ಬಾಗಿ ನಿಂತಿದ್ದರು. ಹಲಸಿನ ಹಲಗೆಯ ಮೇಲೆ ಪೆನ್ಸಿಲಿನ ಗೀಟಿತ್ತು. ಗೀಟು ನೆಟ್ಟಗಿರಲಿಲ್ಲ, ಹುಳ ಹರಿದಂತಿತ್ತು. ಅವರು ಉಳಿಯನ್ನು ಗೀಟಿನ ಮೇಲಿಟ್ಟರು. ಉಳಿಯ ತುದಿ ನಿಲ್ಲಲಿಲ್ಲ. ಹಲಗೆಯ ಮೇಲೆ ಅದು ಟಕ್ ಟಕ್ ಎಂದು ತಾನೇ ಕುಟ್ಟತೊಡಗಿತು. ನನಗೆ ಕೇಳಿಸಿದ್ದು ಕೆಲಸದ ಸದ್ದಲ್ಲ. ಅವರ ಬಲಗೈ ನಡುಗುತ್ತಿತ್ತು. ಅವರು ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದರು. ಆಗ ಎರಡೂ ಕೈ ಸೇರಿ ನಡುಗಿದವು. ಉಳಿ ಕೆಳಗಿಟ್ಟು, ಕೈಯನ್ನು ತೊಡೆಗೆ ಒತ್ತಿ ಹಿಡಿದು, ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ಎತ್ತಿಕೊಂಡರು. ಮತ್ತೆ ಅದೇ. ಹಲಗೆಯ ತುಂಬ ಸಣ್ಣ ಸಣ್ಣ ಗಾಯಗಳಿದ್ದವು.

ನಾನು ಸದ್ದಾಗದಂತೆ ಹಿಂದೆ ಸರಿದು ಅಡಿಗೆಮನೆಗೆ ಹೋದೆ. ಅಕ್ಕ ಚಹಾ ಸೋಸುತ್ತಿದ್ದಳು. ನನ್ನ ಮುಖ ನೋಡಿದ್ದೇ ಅವಳಿಗೆ ಗೊತ್ತಾಯಿತು.

"ನೋಡ್ದ್ಯಾ?" ಎಂದಳು.

"ಅಕ್ಕಾ, ಭಾವನ ಕೈ..."

"ಮೆತ್ತಗೆ ಮಾತಾಡು. ಡಾಕ್ಟ್ರ ಹತ್ರ ಒಬ್ರೇ ಹೋಗಿ ಬಂದಾರೆ. ನಂಗೆ ಹೇಳ್ಲಿಲ್ಲ. ಗುಳಿಗೆ ತಗಂಬೂದು ನಂಗೆ ಕಾಣೂದಿಲ್ವಾ? ಅಂಗಿ ಗುಂಡಿ ಹಾಕೂಕೆ ಎಷ್ಟು ಹೊತ್ತು ಬೇಕಾಗ್ತದೆ ಅಂತ ನಂಗೆ ಗೊತ್ತಿಲ್ವಾ?"

"ಯಾವಾಗಿಂದ?"

"ಸ್ಕೂಟರ್ ಮಾರಿದ್ರಲ್ಲ, ಅದಕ್ಕೂ ಮೊದ್ಲಿಂದ."

ಸ್ಕೂಟರಿನ ಹ್ಯಾಂಡಲ್ಲು, ಪಾಂಡುರಂಗ ಮಾಮನ ಗಾಜು, ಗೀಟು ಬಿಟ್ಟು ಓಡಿದ ಗರಗಸ, ಜಾರುವ ಸ್ಕ್ರೂಡ್ರೈವರು ಎಲ್ಲವೂ ಒಮ್ಮೆಗೇ ನನ್ನ ಎದೆಯ ಮೇಲೆ ಬಂದು ಬಿದ್ದವು. ಎಲ್ಲಾದರೂ ಒಂದು ಕಂಪನಿಯ ಹತಾರ ತನ್ನ ಕೈಯಲ್ಲಿ ನಡುಗದೆ ನಿಂತೀತೆಂದು ಆ ಮನುಷ್ಯ ದೇಶದೇಶಗಳ ಉಕ್ಕನ್ನು ತರಿಸಿ ನೋಡುತ್ತಿದ್ದರು!

"ಮತ್ತೆ ನೀನು ದಿವಸವೂ ಅವರನ್ನು ಬೈಯುತ್ತಿದ್ದೆಯಲ್ಲ ಅಕ್ಕಾ?"

ಅಕ್ಕ ಲೋಟಕ್ಕೆ ಚಹಾ ಹೊಯ್ದಳು. ಅರ್ಧಕ್ಕೇ ನಿಲ್ಲಿಸಿದಳು.

"ಬೈಯದೇ ಸುಮ್ನೆ ಕೂತ್ರೆ ನಂಗೆ ಗೊತ್ತದೆ ಅಂತ ಅವ್ರಿಗೆ ತಿಳೀತದೆ. ಹತ್ಯಾರ ಸರಿ ಇಲ್ಲ ಅಂತ ಅವ್ರು ಹೇಳ್ತಾರೆ, ಹತ್ಯಾರದ ಹುಚ್ಚು ಅಂತ ನಾನು ಬೈತೆ. ಹಿಂಗೇ ನಡೀಲಿ. ಎಷ್ಟು ದಿವ್ಸ ನಡೀತದೋ ಅಷ್ಟು." ಸೆರಗಿನಲ್ಲಿ ಲೋಟದ ತಳ ಒರೆಸಿ ನನ್ನ ಕೈಗೆ ಕೊಟ್ಟಳು. "ತಗಂಡ್ ಹೋಗು. ನೀನೂ ಎಂತದೂ ನೋಡ್ಲಿಲ್ಲ."

ನಾನು ದೂರದಿಂದಲೇ "ಭಾವಾ!" ಎಂದು ಜೋರಾಗಿ ಕೂಗುತ್ತ, ಚಪ್ಪಲಿ ಎಳೆಯುತ್ತ ಹೋದೆ. ಬಾಗಿಲಿಗೆ ಬರುವಷ್ಟರಲ್ಲಿ ಅವರು ಉಳಿಯನ್ನು ಪಕ್ಕಕ್ಕಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನಾನು ಲೋಟವನ್ನು ಅವರ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟೆ.

"ಹ್ಯಾಗಿದೆ ಭಾವ, ಹೊಸ ಉಳಿ?"

ಅವರು ಹಲಗೆಯ ಕಡೆ ನೋಡಿದರು. ಅಂಕೋಲೆಯಲ್ಲಿ ನಾನು ಕಂಡ ಮುಖ ಇದಲ್ಲ. "ಇಲ್ಲ ತಂಗಿ. ಇದೂ..." ಎಂದವರು ಮಾತು ಮುಗಿಸಲಿಲ್ಲ. ಮೊದಲ ಬಾರಿಗೆ ಒಂದು ಹತಾರದಲ್ಲಿ ಹೆಸರಿಟ್ಟು ಹೇಳಲು ಅವರಿಗೆ ಯಾವ ದೋಷವೂ ಉಳಿದಿರಲಿಲ್ಲ.

ನಾನು ಉಳಿಯನ್ನು ಎತ್ತಿಕೊಂಡೆ. ಅವರು ಮಾಡುವಂತೆಯೇ ಕಣ್ಣಿನ ಹತ್ತಿರ ತಂದು ತಿರುಗಿಸಿ ನೋಡಿದೆ. ನನಗೆ ಉಳಿಯ ವಿಷಯದಲ್ಲಿ ಏನೂ ಗೊತ್ತಿಲ್ಲ. "ಇದರ ಹಿಡಿ ವಾರೆಯಾಗಿದೆ ಭಾವ! ಅಂಗಡಿಯಲ್ಲಿ ನಮಗೆ ಕಾಣಲೇ ಇಲ್ಲ ನೋಡಿ. ಇಷ್ಟು ದೊಡ್ಡ ಕಂಪನಿ, ಹೀಗಾ ಮಾಡುವುದು? ನೆಟ್ಟಗೆ ಒಂದು ಕಡೆ ನಿಲ್ಲುವುದಕ್ಕೇ ಸಾಧ್ಯವಿಲ್ಲ ಇದು," ಎಂದೆ.

ಭಾವ ನನ್ನ ಮುಖವನ್ನೇ ನೋಡಿದರು. ನಾನು ಉಳಿಯಿಂದ ಕಣ್ಣು ತೆಗೆಯಲಿಲ್ಲ.

"ಹೌದಾ? ನಿಂಗೂ ಹಂಗೇ ಕಾಣ್ತದಾ?" ಎಂದರು, ಮೆಲ್ಲಗೆ.

"ಕಾಣದೆ ಏನು! ಅಂಕೋಲೆಯಲ್ಲಿ ಬಸ್ ಸ್ಟ್ಯಾಂಡಿನ ಆಚೆ ಇನ್ನೊಂದು ಅಂಗಡಿ ಇದೆಯಂತೆ. ಮುಂದಿನ ಭಾನುವಾರ ಹೋಗೋಣ."

ಹೋದೆವು. ಈ ಸಲ ಹಿಡಿದುಕೊಳ್ಳಲು ಗರಗಸವಿರಲಿಲ್ಲ. ಊರು ದಾಟಿ ಹೆದ್ದಾರಿ ಸೇರಿದ ಮೇಲೆ ಭಾವ ತಮ್ಮ ಬಲಗೈಯನ್ನು ನನ್ನ ಹೆಗಲ ಮೇಲಿಟ್ಟರು. ಬಲಕ್ಕೆ ಕಡಲು ಬಂದು ಹೋಗುತ್ತಿತ್ತು, ಗಾಳಿ ಬಲವಾಗಿತ್ತು. ಹೆಗಲ ಮೇಲೆ ಆ ಕೈ ಹಕ್ಕಿಮರಿಯಂತೆ ನಡುಗುತ್ತಲೇ ಇತ್ತು.

"ನಿನ್ನ ಗಾಡಿ ಇಂಜಿನ್ ಬಾಳ ನಡುಗ್ತದೆ, ತಂಗಿ," ಎಂದರು ಭಾವ ನನ್ನ ಕಿವಿಯ ಹತ್ತಿರ ಬಾಗಿ.

"ಹೌದು ಭಾವ. ಈ ಕಂಪನಿಯ ಗಾಡಿಯೇ ಹೀಗೆ," ಎಂದೆ. ವೇಗ ತಗ್ಗಿಸಿ, ಅಂಕೋಲೆಯವರೆಗೂ ನಿಧಾನವಾಗಿಯೇ ಓಡಿಸಿದೆ.